ರೊಟ್ಟಿಯ ಹೆಜ್ಜೆಗಳು

ಹೋದ ವರ್ಷ ನನ್ನ ಸೊಂಟದ ಆಪರೇಷನ್ ಆಯಿತು. ಬೆನ್ನುಮೂಳೆಯ ನಡುವಿನಿಂದ ಜಾರಿದ ಡಿಸ್ಕಿನ ತುಣುಕೊಂದು ನರವನ್ನು ಒತ್ತುತ್ತಿತ್ತು, ಅದನ್ನು ತೆಗೆದರು. "ಬಾಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ, ನಡು ತಿರುವಬ್ಯಾಡ್ರಿ. ಆದ್ರ ದಿನಾ ನಡೀರಿ" ಎಂದು ಡಾಕ್ಟರು ಹೇಳಿ ಕಳಿಸಿದರು. ಬಾಗಲವಾಡಕ್ಕೆ ಮರಳುವಾಗ ಬೆಂಗಳೂರಿನ ಮಗ ನನ್ನ ಬಲಗೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿದ. ನಾನು ಇಲ್ಲಿ ನಡೆದರೆ ಲೆಕ್ಕ ಅಲ್ಲಿ ಅವನ ಮೊಬೈಲಿನಲ್ಲಿ ಕಾಣುತ್ತದೆ. ಹಸಿರು ಬಳೆಗಳ ನಡುವೆ ಆ ಕರಿ ಪಟ್ಟಿ ನೋಡಿ ಓಣಿಯ ಹೆಂಗಸರು, "ಯಕ್ಕಾ, ಮಗ ಕಾವಲು ಇಟ್ಟಾನ" ಎಂದು ನಕ್ಕರು.

ಮೊದಲ ವಾರಗಳಲ್ಲಿ ವಾಕರ್ ಹಿಡಿದು, ಹಲ್ಲು ಕಚ್ಚಿ ಅಂಗಳ ಸುತ್ತುತ್ತಿದ್ದೆ. ಸಂಜೆ ನೋಡಿದರೆ ನೂರೋ ಇನ್ನೂರೋ. "ಅವ್ವಾ, ನೀ ನಡಿಯಾಕತ್ತಿಲ್ಲ" ಎಂದು ಮಗ ಗದರುತ್ತಿದ್ದ. ನನಗೆ ಅಳು ಬರುತ್ತಿತ್ತು.

ವಾಕರ್ ಬಿಟ್ಟ ಮೇಲೆ ಒಂದು ದಿನ, ಸೊಸೆ ತವರಿಗೆ ಹೋಗಿದ್ದಾಗ, ಗ್ಯಾಸಿನ ಕಟ್ಟೆಯ ಮುಂದೆ ನಿಂತು ಹದಿನೈದು ಜೋಳದ ರೊಟ್ಟಿ ಬಡಿದೆ. ರಾತ್ರಿ ಮಗನ ಫೋನು: "ಭೇಷ್ ಅವ್ವಾ! ಇವತ್ತು ಭಾಳ ನಡದೀ!" ಅಂದು ನಾನು ಅಂಗಳಕ್ಕೂ ಇಳಿದಿರಲಿಲ್ಲ. ಆದರೂ "ಹೂಂ" ಎಂದೆ.

ಗುಟ್ಟನ್ನು ಕಾಲೇಜಿಗೆ ಹೋಗುವ ಮೊಮ್ಮಗಳು ಬಿಡಿಸಿದಳು. ಈ ವಾಚಿಗೆ ಕಾಲಿನ ಪರಿಚಯವೇ ಇಲ್ಲ. ಮಣಿಕಟ್ಟಿನ ಅಲುಗಾಟ ಮಾತ್ರ ಗೊತ್ತು. ವಾಕರಿನ ಮೇಲೆ ಊರಿದ ಕೈ ಅಲುಗದು, ಆ ಹೆಜ್ಜೆಗಳು ಲೆಕ್ಕ ತಪ್ಪಿದವು. ರೊಟ್ಟಿಯ ತಾಳಕ್ಕೆ ಕುಣಿದ ಕೈ ನಡೆದಂತಾಯಿತು. ಅದು ಇಟ್ಟ ಹತ್ತು ಸಾವಿರದ ಗುರಿಯೂ ವೇದವಾಕ್ಯವಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನಕ್ಕೆ 'ಮಾನ್ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಹೆಸರಿಟ್ಟು ಮಾರಿತು. ಆ ಹೆಸರೇ ಲೋಕದ ಗುರಿಯಾಯಿತು.

ಹಾಗಾದರೆ ಸುಳ್ಳು ಹೇಳಿದವರು ಯಾರು? ವಾಚು ತನಗೆ ತಿಳಿದದ್ದನ್ನು ಹೇಳಿತು. ಕಡಿಮೆ ಎಣಿಸಿದಾಗ ಅದರ ಮೇಲೆ ಸಿಟ್ಟಾದ ನಾನು, ಹೆಚ್ಚು ಎಣಿಸಿದಾಗ ಸುಮ್ಮನಿದ್ದೆ. ನನಗೆ ಬೇಕಿದ್ದದ್ದು ಸತ್ಯವಲ್ಲ, ಶಹಬ್ಬಾಸ್‌ಗಿರಿ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಲವತ್ತು ವರ್ಷ ಬಡಿದ ರೊಟ್ಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಯಂತ್ರ ಹಿಡಿದಾಗ, ತಪ್ಪಾಗಿಯೇ ಆದರೂ, ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗಿನಲ್ಲಿ ವಾರದಿಂದ ಜೋಮು ಹಿಡಿಯುತ್ತಿದ್ದ ಎಡಗಾಲನ್ನೂ ಮುಚ್ಚಿಟ್ಟಿದ್ದೆ.

ರಾಯಚೂರಿಗೆ ತೋರಿಸಲು ಹೋದಾಗ ಮಗ ಮೊಬೈಲನ್ನು ಡಾಕ್ಟರ ಮುಂದೆ ಹಿಡಿದ. "ಚಲೋ ಅದ, ವ್ಯಾಯಾಮ ಹೆಚ್ಚು ಮಾಡೋಣ" ಎಂದು ಅವರು ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಅದರಾಗ ಅರ್ಧ ರೊಟ್ಟಿ ಅದಾವ್ರಿ" ಎಂದೆ. ಜೋಮಿನ ಮಾತನ್ನೂ ಹೇಳಿದೆ. ಅವರು ನಕ್ಕರು. ಆಮೇಲೆ ಪೆನ್ನು ಕೆಳಗಿಟ್ಟು, ನನ್ನ ಕಾಲು ಮುಟ್ಟಿ ನೋಡಿದರು. ಮಗನ ಮುಖ ಸಣ್ಣದಾಯಿತು.

ವಾಚು ಈಗಲೂ ಕೈಯಲ್ಲಿದೆ. ನಡೆಯಲು ಎಬ್ಬಿಸುತ್ತದೆ, ಅಷ್ಟು ಉಪಕಾರ ನಿಜ. ರೊಟ್ಟಿಗೆ ನಿಂತಾಗ ಬಿಚ್ಚಿ ಮಾಡದ ಮೇಲಿಡುತ್ತೇನೆ. ರಾತ್ರಿ ಫೋನು ಮಾಡಿದಾಗ ಮಗ ಹೆಜ್ಜೆಯ ಮಾತು ತೆಗೆಯುವ ಮುಂಚೆ, "ಅವ್ವಾ, ಕಾಲು ಹ್ಯಾಂಗದ?" ಎನ್ನುತ್ತಾನೆ. ನಾನೂ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.