ಪೃಥ್ವಿಯ ಅರಿವು ಮತ್ತು ಆಚಾರ

ಮಠದ ಪ್ರಸಾದನಿಲಯಗಳಲ್ಲಿ ಬೆಳೆದ ತರುಣರಲ್ಲಿ ಕೆಲವರು ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನವನ್ನೂ ಪರಿಸರವಿಜ್ಞಾನವನ್ನೂ ಅಭ್ಯಸಿಸುತ್ತಿದ್ದಾರೆ. ಈ ಓದಿನಿಂದ ಯಾವ ಉದ್ಯೋಗ ದೊರೆತೀತು ಎಂದು ತಂದೆತಾಯಿಗಳು ಕೇಳುವುದು ಸಹಜ. ಅದರೊಡನೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯುಂಟು: ಭೂಮಿಯ ಒಡಲನ್ನು ಅರಿತವನು ಆ ಅರಿವನ್ನು ಯಾರಿಗೆ ಸಲ್ಲಿಸಬೇಕು? ಸಂಬಳ ಕೊಟ್ಟವರಿಗೋ, ಆ ಭೂಮಿಯನ್ನೇ ನಂಬಿ ಬದುಕುವ ಸಮಸ್ತರಿಗೋ?

ಈ ಶಾಸ್ತ್ರದ ಹಿರಿಮೆ ಸಾಮಾನ್ಯವಾದುದಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಕೋಲಾರ, ಹಟ್ಟಿಗಳ ಚಿನ್ನವೂ ಸಂಡೂರಿನ ಕಬ್ಬಿಣದ ಅದಿರೂ ಧಾರವಾಡದ ಹೆಸರನ್ನು ಹೊತ್ತ ಪ್ರಾಚೀನ ಶಿಲಾವರ್ಗದಲ್ಲಿ ದೊರೆತಿವೆ. ಇಂಥ ಕಾಲಮಾನವನ್ನು ಎಣಿಸಿದವನ ಅಹಂಕಾರ ಕರಗಬೇಕು. ಆದರೆ ವಿನಯ ಬಂದ ಮಾತ್ರಕ್ಕೆ ಆಚಾರ ಬಂದಂತಾಗದು.

ಕೊಳವೆಬಾವಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕರ್ನಾಟಕದ ಬಹುಭಾಗ ಗಟ್ಟಿಶಿಲೆಯ ನಾಡು. ಇಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಶಿಲೆಯ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಬಿರುಕಿಗೆ ಹೊಲದ ಬದು ತಿಳಿಯದು. ಒಬ್ಬನು ಆಳಕ್ಕೆ ಕೊರೆದು ಹಗಲಿರುಳು ನೀರೆತ್ತಿದರೆ ನೆರೆಯವನ ಬಾವಿ ಬತ್ತಬಹುದು. ಬಂಡೆಯೊಡನೆ ಬಹುಕಾಲವಿದ್ದ ನೀರಿನಲ್ಲಿ ಕೆಲವೆಡೆ ಫ್ಲೋರೈಡ್ ಕರಗಿರುತ್ತದೆ. ಪಾವಗಡ, ಮುಂಡರಗಿ ಸೀಮೆಗಳಲ್ಲಿ ಈ ಬಾಧೆ ಕಂಡುಬಂದಿದೆ. ಲೀಟರಿಗೆ 1.5 ಮಿಲಿಗ್ರಾಮ್ ಮೀರಿದ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕೆಡುತ್ತದೆ. ಅದು ಇನ್ನೂ ಹೆಚ್ಚಿದ್ದರೆ ಮೂಳೆಯೂ ಕೆಡುತ್ತದೆ. ಬಾವಿಯ ಸ್ಥಳ ತೋರಿಸಲು ಬಂದ ಪದವೀಧರನಿಗೆ ಇದೆಲ್ಲ ಗೊತ್ತು. ಕರೆಸಿದ ರೈತನಿಗೆ ಗೊತ್ತಿಲ್ಲದಿರಬಹುದು. ಸ್ಥಳ ತೋರಿಸಿ ಹಣ ಪಡೆದು ಬಂದರೆ ಅವನ ಕರ್ತವ್ಯ ಮುಗಿಯಿತೆ?

‘ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಕಾಯಕ, ಉಳಿದುದು ಸರಕಾರದ ಹೊಣೆ’ ಎಂದು ಅವನು ಹೇಳಬಹುದು. ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಪೈರು ಒಣಗುತ್ತಿರುವಾಗ ರೈತನಿಗೆ ‘ಕೊರೆಸಬೇಡ’ ಎನ್ನುವುದು ಕಠಿಣ; ಹಾಗೆಂದವನನ್ನು ಮತ್ತೆ ಕರೆಯುವವರೂ ಕಡಿಮೆ. ಅಂತರ್ಜಲದ ನಿಯಂತ್ರಣಕ್ಕೆಂದು ಕರ್ನಾಟಕದಲ್ಲಿ 2011ರ ಅಧಿನಿಯಮವೂ ಇದೆ. ಆದರೆ ಕಾನೂನು ಪ್ರತಿಯೊಂದು ಹೊಲದಲ್ಲಿ ನಿಂತು ನೋಡಲಾರದು. ಅಲ್ಲಿ ನಿಂತಿರುವವನು ಅರಿತವನೊಬ್ಬನೇ.

ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತನಿಗೆ ಪೃಥ್ವಿಯೇ ಅಂಗ, ಆಚಾರಲಿಂಗವೇ ಲಿಂಗ. ಸಾಧನೆಯ ಮೊದಲ ಸ್ಥಲದಲ್ಲಿಯೇ ಪೃಥ್ವಿಗೂ ಆಚಾರಕ್ಕೂ ಸಂಬಂಧವನ್ನು ಕಲ್ಪಿಸಿರುವುದು ವಿಚಾರಾರ್ಹವಾಗಿದೆ. ಪೃಥ್ವಿಯನ್ನು ಕುರಿತ ಅರಿವು ನಡೆಯಲ್ಲಿ ಕಾಣದಿದ್ದರೆ ಅದು ಭಕ್ತನ ಅರಿವಾಗದು. ಸೊನ್ನಲಿಗೆಯ ಸಿದ್ಧರಾಮರ ಕೆರೆಯ ನೀರು ಇಂಥವರಿಗೆ ಮಾತ್ರ ಎಂದು ಮೀಸಲಾದುದಲ್ಲ. ಸ್ಥಳ ತೋರಿಸುವುದು ಕಾಯಕ. ಅದಕ್ಕೆ ಪ್ರತಿಫಲ ಸಲ್ಲತಕ್ಕದ್ದೇ. ತಾನರಿತ ಅಪಾಯವನ್ನು ಕೇಳದಿದ್ದರೂ ತಿಳಿಸುವುದು, ನೀರನ್ನು ಪರೀಕ್ಷೆ ಮಾಡಿಸಲು ಹೇಳುವುದು, ಕೆರೆಯ ಹೂಳೆತ್ತಿ ಮಳೆನೀರನ್ನು ಇಂಗಿಸುವ ದಾರಿ ತೋರುವುದು ದಾಸೋಹ. ಅದಕ್ಕೆ ಬೆಲೆ ಕಟ್ಟಲಾಗದು. ಇವೆರಡರಲ್ಲಿ ಒಂದನ್ನು ಬಿಟ್ಟರೆ ಮತ್ತೊಂದು ಅಪೂರ್ಣ.

ಈ ಭಾರವನ್ನು ತರುಣನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಸತ್ಯವನ್ನು ನುಡಿದವನ ಅನ್ನ ಹೋಗದಂತೆ ನೋಡಿಕೊಳ್ಳುವುದು ಊರಿನ ಧರ್ಮ. ಊರೂರುಗಳಲ್ಲಿ ನೆಲೆಸಿರುವ ಮಠದ ಹಳೆಯ ವಿದ್ಯಾರ್ಥಿಗಳು ಅಂಥವನ ಬೆಂಬಲಕ್ಕೆ ನಿಲ್ಲಲಿ. ಹಿತವಲ್ಲದ ಮಾತನ್ನೂ ಕುಳಿತು ಕೇಳಲಿ. ಕೇಳುವವರಿದ್ದರೆ ಹೇಳುವವರೂ ಹುಟ್ಟಿಬರುವರು.