ಮಳೆಗಾಲದ ಮಬ್ಬೂ ಮನೆಯ ವಿನೋದವೂ

ಆಷಾಢಮಾಸದಲ್ಲಿ ಮಲೆನಾಡಿನ ಮನೆಯೊಂದರ ಜಗಲಿಯ ಮೇಲೆ ಕುಳಿತವನಿಗೆ ಕಾಣುವುದು ಮಾಡಿನಿಂದ ಇಳಿಯುವ ನೀರಿನ ಎಳೆಗಳು ಮಾತ್ರ. ಅಂಗಳದಾಚೆಯ ತೋಟವು ಮಂಜಿನಲ್ಲಿ ಅಡಗಿರುತ್ತದೆ. ಹಗಲು ಎಲ್ಲಿ ಮುಗಿಯಿತು, ಬೈಗು ಎಲ್ಲಿ ಮೊದಲಾಯಿತು ಎಂಬುದನ್ನು ಗಡಿಯಾರ ನೋಡಿಯೇ ತಿಳಿಯಬೇಕು. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಪುಸ್ತಕಗಳ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಇಂತಹ ದಿನಗಳಲ್ಲಿ ಸಾಲವಿಲ್ಲದ, ರೋಗವಿಲ್ಲದ, ಮನೆಯವರೊಡನೆ ಮನಸ್ತಾಪವೂ ಇಲ್ಲದ ಗೃಹಸ್ಥನು ಒಂದು ಮಧ್ಯಾಹ್ನ ಕಾರಣವಿಲ್ಲದೆ ಕುಗ್ಗಿಹೋಗುವುದುಂಟು. ಏನಾಯಿತೆಂದು ಕೇಳಿದರೆ ಅವನಿಗೆ ಉತ್ತರ ತೋರದು.

ಇದು ಹೊಸ ಅನುಭವವೇನೂ ಅಲ್ಲ. ಮೇಘದರ್ಶನವು ಸುಖಿಯಾದವನ ಚಿತ್ತವನ್ನೂ ಕದಡಿಬಿಡುವುದೆಂಬ ಮಾತನ್ನು ಕಾಳಿದಾಸನು ಮೇಘದೂತದ ಆರಂಭದಲ್ಲಿಯೇ ಇಟ್ಟಿದ್ದಾನೆ. ಬಡಗಣ ಶೀತದೇಶಗಳಲ್ಲಿ ಈ ಮಬ್ಬು ಚಳಿಗಾಲಕ್ಕೆ ಸೇರಿದುದು. ನಾರ್ವೆಯ ಟ್ರೊಮ್ಸೊ ಪಟ್ಟಣದಲ್ಲಿ ನವೆಂಬರಿನ ಕಡೆಯಿಂದ ಜನವರಿಯ ನಡುವಿನವರೆಗೆ ಸೂರ್ಯನು ಉದಯಿಸುವುದೇ ಇಲ್ಲ. 1984ರಲ್ಲಿ ಅಮೆರಿಕದ ವೈದ್ಯರಾದ ನಾರ್ಮನ್ ರೋಸೆಂಥಾಲ್ ಎಂಬವರೂ ಅವರ ಸಂಗಡಿಗರೂ ಇಂತಹ ಋತುಬದ್ಧವಾದ ಖಿನ್ನತೆಯನ್ನು ಒಂದು ವ್ಯಾಧಿಯೆಂದು ವಿವರಿಸಿ, ಪ್ರಖರವಾದ ದೀಪದೆದುರು ಕುಳ್ಳಿರಿಸುವ ಚಿಕಿತ್ಸೆಯನ್ನು ಪರೀಕ್ಷಿಸಿದರು. ನಿದ್ರಾಹಾರಗಳನ್ನು ಕೆಡಿಸಿ ವಾರಗಟ್ಟಲೆ ಬಿಡದೆ ಕಾಡುವ, ಬದುಕೇ ಬೇಡವೆನಿಸುವ ವ್ಯಥೆಗೆ ವೈದ್ಯರೇ ಗತಿ. ಅದು ಇಲ್ಲಿಯ ವಿಚಾರವಲ್ಲ. ಇಲ್ಲಿ ವಿಚಾರಿಸತಕ್ಕುದು ಅಷ್ಟು ದೂರ ಹೋಗದೆ, ಮನೆಯೊಳಗೇ ಸುಳಿದಾಡಿ ಮನೆಯವರ ಮಾತನ್ನು ಕಿರಿದುಗೊಳಿಸುವ ಸಾಮಾನ್ಯವಾದ ಬೇಸರವನ್ನು. ಮತ್ತು ಅದನ್ನು ಆಟಪಾಟಗಳಿಂದ ಕಳೆಯುವುದು ವಿವೇಕಿಗೆ ತಕ್ಕುದೇ ಎಂಬುದನ್ನು.

ಬೇಸರಗೊಂಡವನನ್ನು ಕಂಡೊಡನೆ ಉಪದೇಶಕ್ಕೆ ತೊಡಗುವುದು ಓದಿದವರ ಸ್ವಭಾವ. ನಿನಗೇನು ಕಡಿಮೆ, ಇಲ್ಲದವರನ್ನು ನೋಡು, ಮನಸ್ಸನ್ನು ಗಟ್ಟಿಮಾಡು ಎನ್ನುತ್ತಾರೆ. ಅರ್ಜುನನ ವಿಷಾದವು ಉಪದೇಶದಿಂದ ಹೋಯಿತಲ್ಲವೆ ಎಂದು ಕೇಳಬಹುದು. ಹೋಯಿತು, ನಿಜ; ಆದರೆ ಅರ್ಜುನನ ವಿಷಾದಕ್ಕೆ ಕಾರಣವಿತ್ತು. ಎದುರು ನಿಂತವರು ಗುರುಗಳು, ಪಿತಾಮಹರು. ಕಾರಣವುಳ್ಳ ದುಃಖವನ್ನು ಆ ಕಾರಣದ ವಿಚಾರದಿಂದ ಬಿಡಿಸಬಹುದು. ಕಾರಣವೇ ಇಲ್ಲದ ದುಃಖಕ್ಕೆ ಯುಕ್ತಿಯು ಎಲ್ಲಿ ತಾನೆ ಕೈಹಾಕಬೇಕು? ಇಲ್ಲದ ಗಂಟನ್ನು ಬಿಚ್ಚ ಹೊರಟಂತೆ ಆಗುವುದಷ್ಟೆ. ಮೇಲಾಗಿ, ದುಃಖಿಸಲು ಕಾರಣವಿಲ್ಲವೆಂದು ಹೇಳಿಸಿಕೊಂಡವನಿಗೆ ಆ ದುಃಖದ ಜೊತೆಗೆ ನಾಚಿಕೆಯೂ ಬಂದು ಸೇರುತ್ತದೆ.

ವಿನೋದವೆಂಬ ಶಬ್ದವನ್ನು ನಾವು ಇಂದು ಹಾಸ್ಯ, ಮೋಜು ಎಂಬ ಅರ್ಥದಲ್ಲಿ ಬಳಸಿ ಸವೆಯಿಸಿದ್ದೇವೆ. ಅದರ ಧಾತುವು ನುದ್; ತಳ್ಳು, ನೂಕು ಎಂದು ಅರ್ಥ. ಹತ್ತಿರ ಬಂದುದನ್ನು ಆಚೆಗೆ ನೂಕುವುದೇ ವಿನೋದ. ಮೇಘದೂತದ ಉತ್ತರಭಾಗದಲ್ಲಿ ಯಕ್ಷನ ಹೆಂಡತಿಯು ಹೊಸ್ತಿಲಲ್ಲಿ ಹೂಗಳನ್ನಿಟ್ಟು ಉಳಿದ ತಿಂಗಳುಗಳನ್ನು ಎಣಿಸುತ್ತಾಳೆ, ಸಾರಿಕೆಯೊಡನೆ ಮಾತನಾಡುತ್ತಾಳೆ, ಕಣ್ಣೀರಿನಿಂದ ತೊಯ್ದ ವೀಣೆಯ ತಂತಿಯನ್ನು ಒರಸಿಕೊಂಡು ಹಾಡಲು ಕೂಡುತ್ತಾಳೆ. ಇವನ್ನೇ ಕವಿಯು ವಿರಹಿಣಿಯರ ವಿನೋದಗಳೆಂದು ಕರೆದನು. ಅಲ್ಲಿ ನಗುವಿನ ಸುಳಿವೂ ಇಲ್ಲ. ನೈಯಾಯಿಕರು ಮನಸ್ಸನ್ನು ಅಣುವೆಂದರು. ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟದಿರುವುದೇ ಮನಸ್ಸುಂಟೆಂಬುದಕ್ಕೆ ಗುರುತು ಎಂದರು. ಹೂಗಳನ್ನು ಎಣಿಸುವಷ್ಟು ಹೊತ್ತು ಆಕೆಯ ಮನಸ್ಸಿಗೆ ಬೇರೆಲ್ಲಿಗೂ ಹೋಗಲು ಎಡೆಯಿಲ್ಲ.

ಮಲೆನಾಡೂ ಕರಾವಳಿಯೂ ಮಳೆಗಾಲಕ್ಕೆಂದೇ ಇಂತಹ ಎಣಿಕೆಗಳನ್ನು ಕೂಡಿಟ್ಟಿವೆ. ಅವುಗಳಲ್ಲಿ ಚೆನ್ನೆಮಣೆಗೆ ಮೊದಲನೆಯ ಮಣೆ ಕೊಡಬೇಕು. ಬಯಲುಸೀಮೆಯವರು ಅದನ್ನು ಅಳಗುಳಿಮಣೆಯೆನ್ನುವರು. ಮರದ ಹಲಗೆಯಲ್ಲಿ ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಮಂಜೊಟ್ಟಿಯ ಕೆಂಪು ಬೀಜಗಳಾದರೆ ಚೆಲುವು, ಹುಣಿಸೆಯ ಬೀಜವಾದರೂ ಸಾಕು. ತುಳುನಾಡಿನಲ್ಲಿ ಆಟಿ ತಿಂಗಳು ಬಂದಾಗ ಮಣೆಯು ಅಟ್ಟದಿಂದ ಇಳಿಯುತ್ತದೆ; ತಿಂಗಳು ಕಳೆದ ಮೇಲೆ ಮತ್ತೆ ಅಟ್ಟಕ್ಕೇರಿಸುವ ವಾಡಿಕೆ ಹಲವು ಮನೆಗಳಲ್ಲಿತ್ತು. ಬೇಸರಕ್ಕೆ ಮದ್ದನ್ನು ಇಟ್ಟ ಹಿರಿಯರು ಅದಕ್ಕೆ ಅವಧಿಯನ್ನೂ ಇಟ್ಟದ್ದು ಗಮನಾರ್ಹವಾಗಿದೆ. ಆಟದ ಕ್ರಮದಲ್ಲಿಯೂ ಒಂದು ದಯೆಯಿದೆ. ಸೋತವರು ತಮ್ಮ ಬಳಿ ಉಳಿದ ಕಾಳುಗಳಿಂದ ಎಷ್ಟು ಗುಳಿ ತುಂಬುವುದೋ ಅಷ್ಟನ್ನೇ ತುಂಬಿಕೊಂಡು, ಬರಿದಾದ ಗುಳಿಗಳನ್ನು ಬರಿದೇ ಬಿಟ್ಟು, ಮುಂದಿನ ಆಟಕ್ಕೆ ಕೂಡುವರು. ಅಷ್ಟರಿಂದಲೇ ಮರಳಿ ಗೆಲ್ಲುವುದೂ ಉಂಟು.

ಪಗಡೆ, ಕವಡೆಯ ಚೌಕಾಬಾರ ಇವು ಎಲ್ಲರೂ ಬಲ್ಲವು. ತಾಳಮದ್ದಳೆಯ ಮಾತೇ ಬೇರೆ. ಬೇಸಗೆಯ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ದೀಪಾವಳಿಯ ವೇಳೆಗೆ ಮತ್ತೆ ಹೊರಡುವ ತನಕ, ವೇಷವೂ ಕುಣಿತವೂ ಇಲ್ಲದೆ ಭಾಗವತರ ಪದವೊಂದನ್ನೇ ಹಿಡಿದು ಅರ್ಥಧಾರಿಗಳು ಜಗಲಿಯ ಮೇಲೆ ಇರುಳನ್ನು ಕಳೆಯುವರು. ಕುಮಾರವ್ಯಾಸನ ವಾಚನವೂ ಹಾಗೆಯೇ. ಬಯಲುಸೀಮೆಯಲ್ಲಿ ಮಳೆ ಬರಲೆಂದು ವಿರಾಟಪರ್ವವನ್ನು ಓದಿಸುವರು. ಆಗುಂಬೆಯ ಕಡೆಯವರು ಯಾವ ಪರ್ವವನ್ನು ಓದಿದರೂ ಮಳೆ ನಿಲ್ಲದು, ಆದುದರಿಂದ ಅವರಿಗೆ ಆಯ್ಕೆಯ ಸ್ವಾತಂತ್ರ್ಯ ಹೆಚ್ಚು.

ಇಷ್ಟನ್ನು ಕೇಳಿದ ಧರ್ಮಶಾಸ್ತ್ರಜ್ಞನು ಸುಮ್ಮನಿರನು. ಮನುವು ರಾಜನಿಗೆ ಹೇಳಿದ ಕಾಮಜವಾದ ಹತ್ತು ವ್ಯಸನಗಳಲ್ಲಿ ಅಕ್ಷವು ಎರಡನೆಯದು. ಅಷ್ಟಕ್ಕೇ ನಿಲ್ಲದೆ ಒಂಬತ್ತನೆಯ ಅಧ್ಯಾಯದಲ್ಲಿ, ಬುದ್ಧಿವಂತನು ಪರಿಹಾಸಕ್ಕಾಗಿಯೂ ದ್ಯೂತದ ಬಳಿಗೆ ಹೋಗಕೂಡದೆಂದಿದ್ದಾನೆ. ನಳನ ಕಥೆ, ಧರ್ಮರಾಯನ ಕಥೆ ಮನೆಮನೆಗೂ ಗೊತ್ತು. ಹಾಗಾದರೆ ಸಭಾಪರ್ವವನ್ನು ಓದಿ ಕಣ್ಣೊರಸಿಕೊಂಡ ಮನೆಯವರೇ ಮರುದಿನ ಪಗಡೆಯ ಹಾಸನ್ನು ಬಿಡಿಸುವುದು ಹೇಗೆ?

ಆಕ್ಷೇಪವು ಗಟ್ಟಿಯಾದುದೇ. ಆದರೆ ಆ ಹತ್ತರ ಪಟ್ಟಿಯನ್ನು ಪೂರ್ತಿ ಓದಬೇಕು. ಹಗಲುನಿದ್ರೆಯೂ ಪರನಿಂದೆಯೂ ಅಲ್ಲಿಯೇ ಇವೆ. ನಾಲ್ಕು ತಿಂಗಳು ಮನೆಯಲ್ಲಿ ಕೂಡಿಬಿದ್ದವರಿಗೆ ಅಕ್ಷಕ್ಕಿಂತ ಈ ಎರಡೇ ಹತ್ತಿರದವು. ಇವಕ್ಕೆ ಮಣೆಯೂ ಬೇಡ, ಕವಡೆಯೂ ಬೇಡ. ಇನ್ನು ದ್ಯೂತದ ವಿಷಯ. ನಿಷೇಧದ ಮುಳ್ಳು ತಾಗುವುದು ಪಣಕ್ಕೆ. ನಳನೂ ಧರ್ಮರಾಯನೂ ಕೆಟ್ಟುದು ದಾಳವನ್ನು ಉರುಳಿಸಿದುದರಿಂದಲ್ಲ, ರಾಜ್ಯವನ್ನು ಒಡ್ಡಿದುದರಿಂದ. ಧರ್ಮರಾಯನಂತೂ ತಮ್ಮಂದಿರನ್ನೂ ಹೆಂಡತಿಯನ್ನೂ ಒಡ್ಡಿದನು. ಈ ಭೇದವು ಹಳೆಯ ಗ್ರಂಥಗಳಿಗಷ್ಟೇ ಸೇರಿದುದಲ್ಲ. 2025ರ ಆಗಸ್ಟಿನಲ್ಲಿ ಭಾರತದ ಪಾರ್ಲಿಮೆಂಟು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಪಣವಿಲ್ಲದ ಆಟಗಳನ್ನು ಆ ಕಾಯಿದೆ ನಿಷೇಧಿಸಲಿಲ್ಲ.

ಪಣವಿಲ್ಲದಿದ್ದರೆ ಆಟವು ನಿರ್ದೋಷವೆಂದು ಮುಗಿಸಿಬಿಡಲು ತುಳುನಾಡಿನ ಸಿರಿಯ ಪಾಡ್ದನವು ಬಿಡುವುದಿಲ್ಲ. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸರಾದ ಲೌರಿ ಹೊಂಕೊ ಅವರು ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಆ ಮಹಾಕಾವ್ಯವನ್ನು ದಾಖಲಿಸಿಕೊಂಡು, 1998ರಲ್ಲಿ ಅದು ಅಚ್ಚಾಯಿತು. ಅದರ ಕಡೆಯಲ್ಲಿ ಅಬ್ಬಗ, ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಚೆನ್ನೆಮಣೆಯ ಮುಂದೆ ಕೂಡುತ್ತಾರೆ. ನಡುವೆ ಹಣವಿಲ್ಲ, ಒಡವೆಯಿಲ್ಲ. ಸೋಲುಗೆಲುವಿನ ಮಾತು ಬೆಳೆದು ಒಬ್ಬಳು ಅದೇ ಮಣೆಯಿಂದ ಮತ್ತೊಬ್ಬಳ ತಲೆಗೆ ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಬೇಸರವನ್ನು ಕಳೆಯುವ ಸಾಧನವೇ ಆಯುಧವಾಯಿತು. ಅಲ್ಲಿ ಒಡ್ಡಿದುದು ಯಾವುದು? ತಾನೇ ಹೆಚ್ಚೆಂಬ ಮಾನ. ಕೈಗೆ ಸಿಕ್ಕದ ಈ ಪಣವನ್ನು ಯಾವ ಕಾಯಿದೆಯೂ ಹಿಡಿಯಲಾರದು. ಮಕ್ಕಳು ಸೋತು ಅತ್ತಾಗ ದೊಡ್ಡವರು ಗದರಿಸಿ ಮಣೆಯನ್ನು ಕಸಿಯುವುದಕ್ಕಿಂತ ತಾವೇ ಎದುರಿಗೆ ಕುಳಿತು ಸೋತು ನಕ್ಕು ತೋರಿಸುವುದು ಮೇಲು. ದೊಡ್ಡವರಿಗೆ ಇದು ಸುಲಭವೆಂದು ತಿಳಿಯಬಾರದು. ಮೊಮ್ಮಗನ ಕೈಯಲ್ಲಿ ಸೋತು ಸಂಜೆಯವರೆಗೆ ಮುಖ ಬಿಗಿದುಕೊಂಡ ಅಜ್ಜಂದಿರೂ ಇದ್ದಾರೆ.

ಇನ್ನೊಂದು ದೋಷವನ್ನು ಶಾಸ್ತ್ರಕಾರರು ಎಣಿಸಲಿಲ್ಲ, ಏಕೆಂದರೆ ಅದು ಅವರ ಕಣ್ಣಿಗೆ ಬಿದ್ದಂತಿಲ್ಲ. ಮಳೆಗಾಲದ ಸುಖವನ್ನು ವರ್ಣಿಸುವವರೆಲ್ಲ ಹಲಸಿನ ಹಪ್ಪಳವನ್ನೂ ಕೆಂಡದಲ್ಲಿ ಸುಟ್ಟ ಗೇರುಬೀಜವನ್ನೂ ಬಾಯಿಚಪ್ಪರಿಸಿ ವರ್ಣಿಸುವರು. ಬೇಸಗೆಯ ಬಿಸಿಲಿನಲ್ಲಿ ಆ ಹಪ್ಪಳವನ್ನು ಒತ್ತಿ ಒಣಗಿಸಿದವಳೂ, ಹಸಿಸೌದೆಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಅದನ್ನು ಕರಿದು ಜಗಲಿಗೆ ತಂದಿಟ್ಟವಳೂ ಮನೆಯ ಹೆಣ್ಣೇ. ಜಗಲಿಯ ಮೇಲೆ ಕರ್ಣಭೇದನದ ಚರ್ಚೆ ನಡೆಯುವಾಗ ಒಳಗೆ ಮೂರನೆಯ ಸಲ ಕಾಫಿಗೆ ನೀರಿಡುವವಳಿಗೆ ಮಬ್ಬು ಕವಿಯದೆ? ಬೇಸರಪಡುವುದಕ್ಕಾದರೂ ಒಂದಿಷ್ಟು ಬಿಡುವು ಬೇಕು. ಅದೂ ಇಲ್ಲದವರ ಕುಗ್ಗು ಯಾರ ಗಮನಕ್ಕೂ ಬಾರದೆ ಸಿಡುಕೆಂದು ಹೆಸರು ಪಡೆಯುತ್ತದೆ. ಒಬ್ಬರ ವಿನೋದವು ಇನ್ನೊಬ್ಬರ ದುಡಿಮೆಯ ಮೇಲೆ ಕುಳಿತಿರುವಾಗ, ಪಣವಿಲ್ಲದಿದ್ದರೂ ಅಲ್ಲಿ ಯಾರೋ ಸೋಲುತ್ತಲೇ ಇದ್ದಾರೆ.

ಈ ವಿಷಯದಲ್ಲಿ ಐಸ್‌ಲೆಂಡಿನ ರೈತರ ಒಂದು ಹಳೆಯ ಪದ್ಧತಿಯು ನೆನೆಯತಕ್ಕುದು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಲ್ಲಿ ಚಳಿಗಾಲದ ದೀರ್ಘರಾತ್ರಿಗಳಲ್ಲಿ ಮನೆಯ ಯಜಮಾನ, ಹೆಂಗಸರು, ಮಕ್ಕಳು, ಆಳುಗಳು ಎಲ್ಲರೂ ಒಂದೇ ಕೋಣೆಯಲ್ಲಿ ಕೂಡುತ್ತಿದ್ದರು. ಇದಕ್ಕೆ ಸಂಜೆಯ ಎಚ್ಚರವೆಂಬರ್ಥದ ಕ್ವೋಲ್ಡ್‌ವಾಕಾ ಎಂದು ಹೆಸರು. ಒಬ್ಬನು ಪುರಾತನ ಸಾಗಾಕಥೆಗಳನ್ನು ಓದುವನು ಅಥವಾ ರೀಮುರ್ ಎಂಬ ಕಥನಪದ್ಯಗಳನ್ನು ರಾಗವಾಗಿ ಹೇಳುವನು. ಉಳಿದವರ ಕೈಗಳು ಉಣ್ಣೆಯನ್ನು ಹಿಂಜುತ್ತಲೋ ನೂಲುತ್ತಲೋ ಹೆಣೆಯುತ್ತಲೋ ಇರುವುವು. ಕೇಳುವವರೆಲ್ಲರೂ ದುಡಿಯುವವರೇ, ದುಡಿಯುವವರೆಲ್ಲರೂ ಕೇಳುವವರೇ. ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದುದು ಚಳಿಗಾಲದ ಅಡಿಕೆ ಸುಲಿಯುವ ರಾತ್ರಿ. ಅಲ್ಲಿ ಹೆಣ್ಣುಗಂಡುಗಳು ಸಾಲಾಗಿ ಕುಳಿತು ಸುಲಿಯುತ್ತ, ಒಗಟು ಒಡ್ಡುತ್ತ, ಕಥೆ ಹೇಳುತ್ತ ಹೊತ್ತು ಕಳೆಯುತ್ತಿದ್ದರು. ಸುಲಿಯುವ ಯಂತ್ರಗಳು ಬಂದ ಮೇಲೆ ಆ ಸಾಲುಗಳು ಕಿರಿದಾಗಿವೆ. ಬೆರಳುಗಳಿಗೆ ಸುಖವಾಯಿತು, ಅದನ್ನು ಹಳಿಯುವುದು ನ್ಯಾಯವಲ್ಲ. ಮಳೆಗಾಲದ ಜಗಲಿಗೆ ಆ ಸಾಲಿನ ಕ್ರಮವನ್ನು ತರಬಹುದಲ್ಲವೆ? ಹಪ್ಪಳವನ್ನು ಗಂಡಸರೂ ಕರಿಯಬಹುದು. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ತರ್ಕಸಂಗ್ರಹದ ಅಧ್ಯಯನವೇನೂ ಬೇಕಿಲ್ಲ.

ಈಗ ಪ್ರತಿಯೊಬ್ಬರ ಅಂಗೈಯಲ್ಲಿಯೂ ಮೊಬೈಲಿದೆ. ಅದೂ ಮನಸ್ಸನ್ನು ಹಿಡಿದಿಡುತ್ತದೆ, ಆದುದರಿಂದ ಅದೂ ವಿನೋದವೇ ಎನ್ನುವರುಂಟು. ಒಂದು ಭೇದವನ್ನು ನೋಡಬೇಕು. ಚೆನ್ನೆಯ ಎದುರಾಳಿಯು ಮಂಕಾಗಿದ್ದರೆ ಎದುರಿಗಿರುವವರಿಗೆ ಕಾಣುತ್ತದೆ: ಕಾಳು ಹಂಚುವ ಕೈ ತಡೆಯುತ್ತದೆ, ಎಣಿಕೆ ತಪ್ಪುತ್ತದೆ, ಯಾಕೆ, ಮೈಯಲ್ಲಿ ಸರಿಯಿಲ್ಲವೆ ಎಂದು ಕೇಳುವವರು ಅಲ್ಲಿಯೇ ಇರುತ್ತಾರೆ. ಬೇರೆ ಬೇರೆ ಕೋಣೆಗಳಲ್ಲಿ ಮಲಗಿ ಬೇರೆ ಬೇರೆ ತೆರೆಗಳನ್ನು ನೋಡುವ ನಾಲ್ವರಲ್ಲಿ ಒಬ್ಬರು ಕುಗ್ಗಿದರೆ ಉಳಿದ ಮೂವರಿಗೆ ತಿಳಿಯುವುದು ಊಟಕ್ಕೆ ಕರೆದಾಗ.

ಕಠಿನವಾದ ಪ್ರಶ್ನೆಯು ಇದಲ್ಲ; ಎದುರಾಳಿಯೇ ಇಲ್ಲದ ಮನೆಗಳದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೋ ಸಮುದ್ರದಾಚೆಗೋ ಹೋಗಿ, ಆಷಾಢದಲ್ಲಿ ಉಳಿಯುವವರು ಮುದುಕರಿಬ್ಬರು, ಒಮ್ಮೊಮ್ಮೆ ಒಬ್ಬರೇ. ಚೆನ್ನೆಮಣೆಗೆ ಎರಡು ಪಕ್ಕಗಳಿವೆ. ಒಂದೇ ಪಕ್ಕದಿಂದ ಆಡಲಾಗದು. ನೆರೆಮನೆಯು ಹತ್ತಿರವಿದ್ದರೆ ಕೊಡೆ ಹಿಡಿದು ಹೋಗಿ ಕೂರಬಹುದು. ಮಲೆನಾಡಿನಲ್ಲಿ ನೆರೆಮನೆಯೆಂದರೆ ಒಂದು ಹಳ್ಳದ ಆಚೆ, ಆಷಾಢದಲ್ಲಿ ಹಳ್ಳವು ತುಂಬಿರುತ್ತದೆ. ಅಂತಹ ದಿನ ದೂರದ ಊರಿನ ಮೊಮ್ಮಗಳು ಅದೇ ಮೊಬೈಲಿನ ತೆರೆಯಲ್ಲಿ ಕಾಣಿಸಿಕೊಂಡು, ಮೂರನೆಯ ಗುಳಿಯಿಂದ ಎತ್ತಜ್ಜಿ ಎನ್ನಬಹುದು. ಅಜ್ಜಿಯು ಅವಳ ಪಕ್ಕದ ಕಾಳುಗಳನ್ನೂ ತಾನೇ ಎತ್ತಿ, ಒಂದೊಂದಾಗಿ, ಕೇಳಿಸುವಂತೆ ಎಣಿಸಿ ಹಾಕಬಹುದು.