ಉಪವಾಸದಲ್ಲಿ ಜಲತ್ಯಾಗ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸಕ್ಕೆ ಹೇಳಿರುವ ಲಕ್ಷಣವು ಚತುರ್ವಿಧ ಆಹಾರದ ತ್ಯಾಗ. ಆ ನಾಲ್ಕರಲ್ಲಿ ಪಾನವೂ ಸೇರಿದುದರಿಂದ ಉಪವಾಸದ ದಿನ ನೀರೂ ಇಲ್ಲ. ಅನ್ನವನ್ನು ಬಿಡುವುದು ಸರಿ, ನೀರನ್ನೇಕೆ ಬಿಡಬೇಕೆಂದು ಅನ್ಯರು ಕೇಳುವುದುಂಟು. ನೀರು ಎಂತಹ ವಸ್ತುವೆಂಬುದನ್ನು ಅರಿತವನಿಗೇ ಆ ತ್ಯಾಗದ ಭಾರವು ತಿಳಿಯುವುದು.

ನೀರಿನ ಒಂದೊಂದು ಅಣುವಿನಲ್ಲಿಯೂ ಜಲಜನಕದ ಎರಡು, ಆಮ್ಲಜನಕದ ಒಂದು ಪರಮಾಣುಗಳಿವೆ. (ಇದು ಆಗಮೋಕ್ತ ಪರಮಾಣುವಲ್ಲ, ಅದು ಅವಿಭಾಜ್ಯ, ಇದು ಒಡೆಯತಕ್ಕ ಸ್ಕಂಧ. ಹೆಸರೊಂದೇ ಆದುದರಿಂದ ಮಕ್ಕಳು ಗೊಂದಲಕ್ಕೀಡಾಗುತ್ತಾರೆ.) ಅಣುವಿನ ಒಂದು ಪಾರ್ಶ್ವದಲ್ಲಿ ತುಸು ಋಣವಿದ್ಯುತ್ತು, ಇನ್ನೊಂದರಲ್ಲಿ ತುಸು ಧನವಿದ್ಯುತ್ತು ಇರುವುದರಿಂದ ಅಣುಗಳು ಒಂದನ್ನೊಂದು ಹಿಡಿದಿರುತ್ತವೆ, ಉಪ್ಪಿನಂತಹ ಪದಾರ್ಥಗಳನ್ನೂ ಬಿಡಿಸಿ ಕರಗಿಸಿಕೊಳ್ಳುತ್ತವೆ. ರಕ್ತದಲ್ಲಿ ಲವಣಗಳು ಸಂಚರಿಸುವುದೂ, ಮೂತ್ರಪಿಂಡಗಳು ಯೂರಿಯಾವನ್ನು ಹೊರಹಾಕುವುದೂ ಈ ಗುಣದಿಂದಲೇ. ಅಣುಗಳ ಪರಸ್ಪರ ಹಿಡಿತವನ್ನು ಬಿಡಿಸಲು ಬಹಳ ಶಾಖ ಬೇಕು. ಒಂದು ಗ್ರಾಂ ಬೆವರು ಆರುವಾಗ ಸುಮಾರು 7 ಗ್ರಾಂ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖವನ್ನು ದೇಹದಿಂದ ಒಯ್ಯುತ್ತದೆ.

ಉಪವಾಸದಲ್ಲಿ ದೇಹವು ತನ್ನ ಕೊಬ್ಬನ್ನೇ ಉರಿಸುತ್ತದೆ. 100 ಗ್ರಾಂ ಕೊಬ್ಬಿನಿಂದ 100 ಗ್ರಾಮಿಗೆ ತುಸು ಹೆಚ್ಚೇ ನೀರು ಹುಟ್ಟುತ್ತದೆ. ಆದರೆ ಉಸಿರು, ಬೆವರು, ಮೂತ್ರಗಳಲ್ಲಿ ಹೋಗುವುದಕ್ಕೆ ಅದು ಸಾಲದು.

ಆರೋಗ್ಯವಂತನು ಒಂದು ದಿನದ ಈ ಕೊರತೆಯನ್ನು ಸಹಿಸಿ ಸ್ವಾಧ್ಯಾಯದಲ್ಲಿ ನಿಲ್ಲಬಲ್ಲನು. ವೃದ್ಧರು, ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು, ಮೂತ್ರಪಿಂಡದ ರೋಗವುಳ್ಳವರು ಹಾಗಲ್ಲ. ದಶಲಕ್ಷಣ ಪರ್ವದಲ್ಲಿ ಎಪ್ಪತ್ತು ದಾಟಿದ ತಾಯಿಯು ಸೊಸೆಯಂದಿರ ಮುಂದೆ ಕಡಿಮೆಯಾಗಬಾರದೆಂದು ನಿರ್ಜಲವನ್ನು ಹಿಡಿದು ಮೂರನೆಯ ದಿನ ತಲೆಸುತ್ತಿ ಬಿದ್ದರೆ, ಮನೆಯೆಲ್ಲವೂ ಆರ್ತಧ್ಯಾನದಲ್ಲಿ ಮುಳುಗುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ಮಾತು ಸುಮ್ಮನೆ ಸೇರಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಉಪವಾಸಕ್ಕೆ ಅಸಮರ್ಥರಾದವರಿಗೆ ಅನುಪವಾಸವನ್ನು, ಎಂದರೆ ನೀರೊಂದನ್ನುಳಿದು ಮಿಕ್ಕೆಲ್ಲ ಆಹಾರದ ತ್ಯಾಗವನ್ನು, ವಿಧಿಸಿದ್ದಾರೆ. ಅದು ವ್ರತಭಂಗವಲ್ಲ, ವಿಧಿಯೇ. ಆದರೆ ಸಂಕಲ್ಪಕಾಲದಲ್ಲಿಯೇ ಅನುಪವಾಸವೆಂದು ಹೇಳಿ ಸ್ವೀಕರಿಸಬೇಕು. ನಿರ್ಜಲವೆಂದು ಪ್ರತಿಜ್ಞೆ ಮಾಡಿ ಮರೆಯಲ್ಲಿ ಕುಡಿಯುವುದು ಮಾಯಾಚಾರ.

ಆ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಅದೇ ಬಾವಿಗೆ ಮೃದುವಾಗಿ ಇಳಿಬಿಡಬೇಕು. ಬರಿದೆ ಸೋಸಿದ ನೀರಿನ ಮರ್ಯಾದೆ 48 ನಿಮಿಷ, ಚೆನ್ನಾಗಿ ಕುದಿಸಿದುದಕ್ಕೆ 24 ಗಂಟೆ. ಕುಡಿಯುವುದು ಸೂರ್ಯಾಸ್ತಕ್ಕೆ ಮುಂಚೆ.